ಏಳು ಹೆಸರಿನ ಹೊಳೆಯ ರಾಜಧಾನಿ

(ಸ್ಲೊವೇನಿಯದ ಲ್ಯುಬ್ಲಿಯಾನ ನಗರವನ್ನು ಪರಿಚಯಿಸುವ ಉಪನ್ಯಾಸದ ಪಠ್ಯ)



ರಾಜಧಾನಿ ಎಂದೊಡನೆ ಕಣ್ಣಮುಂದೆ ನಿಲ್ಲುವುದು ಮೈಲಿಗಟ್ಟಲೆ ಹಬ್ಬಿದ ಕಟ್ಟಡಗಳು, ಮುಗಿಯದ ವಾಹನಗಳ ಸಾಲು, ದೂರದ ಯಾವುದೋ ನದಿಯಿಂದ ಕೊಳವೆಯಲ್ಲಿ ಎತ್ತಿ ತಂದ ನೀರು. ಶರಾವತಿಯ ನೀರನ್ನು ಬೆಂಗಳೂರಿಗೆ ಒಯ್ಯುವ ಪ್ರಸ್ತಾಪವು 2019ರಲ್ಲಿ ಎದ್ದಾಗ ಉಂಟಾದ ಕಳವಳವನ್ನು ಮಲೆನಾಡು ಇನ್ನೂ ಮರೆತಿಲ್ಲ. ಆದುದರಿಂದ, ತನ್ನ ಕಾಲಡಿಯ ನೀರನ್ನೇ ಕುಡಿದು ಬದುಕುವ ಒಂದು ಪುಟ್ಟ ರಾಜಧಾನಿಯನ್ನು ಕುರಿತು ಕೆಲವು ಮಾತುಗಳನ್ನು ಇಲ್ಲಿ ಹೇಳುವುದು ಅಪ್ರಸ್ತುತವಾಗಲಾರದು.

ಸ್ಲೊವೇನಿಯವು ಇಟಲಿ, ಆಸ್ಟ್ರಿಯ, ಹಂಗೇರಿ ಮತ್ತು ಕ್ರೊಯೇಷಿಯಗಳ ನಡುವೆ ಇರುವ ದೇಶ. ಹಿರಿಯರು ಭೂಪಟದಲ್ಲಿ ಕಂಡಿದ್ದ ಯುಗೊಸ್ಲಾವಿಯದ ವಾಯವ್ಯ ಮೂಲೆಯೇ ಇದು. 1991ರ ಜೂನ್ 25ರಂದು ಸ್ವತಂತ್ರವಾಯಿತು. ಉತ್ತರ ಕನ್ನಡ ಮತ್ತು ಶಿವಮೊಗ್ಗ ಜಿಲ್ಲೆಗಳೆರಡನ್ನೂ ಕೂಡಿಸಿದರೆ ಎಷ್ಟು ವಿಸ್ತಾರವೋ ಇಡೀ ದೇಶ ಅದಕ್ಕಿಂತ ಕೊಂಚ ದೊಡ್ಡದು. ಜನಸಂಖ್ಯೆ ಸುಮಾರು 21 ಲಕ್ಷ. ನೆಲದ ಅರ್ಧಕ್ಕಿಂತ ಹೆಚ್ಚು ಪಾಲು ಕಾಡು. ಇಂತಹ ದೇಶದ ರಾಜಧಾನಿ ಲ್ಯುಬ್ಲಿಯಾನದಲ್ಲಿ ವಾಸಿಸುವವರು ಸುಮಾರು ಮೂರು ಲಕ್ಷ ಮಂದಿ. ರೈಲು ನಿಲ್ದಾಣದಲ್ಲಿ ಇಳಿದವನು ಕಾಲ್ನಡಿಗೆಯಲ್ಲಿ ಹೊರಟರೆ ಕಾಲು ಗಂಟೆಯೊಳಗೆ ಊರಿನ ಹೃದಯದಂತಿರುವ ಚೌಕದಲ್ಲಿ ನಿಂತಿರುತ್ತಾನೆ. ಒಂದು ಗುಡ್ಡ, ಗುಡ್ಡದ ನೆತ್ತಿಯ ಮೇಲೆ ಕೋಟೆ, ಗುಡ್ಡವನ್ನು ಬಳಸಿ ಹರಿಯುವ ಹೊಳೆ, ಹೊಳೆಯ ಎರಡೂ ದಂಡೆಗಳಲ್ಲಿ ಊರು. ಲ್ಯುಬ್ಲಿಯಾನದ ನಕ್ಷೆ ಇಷ್ಟೇ.

ಆ ಚೌಕದಲ್ಲಿರುವ ವಿಗ್ರಹ ಯಾವ ಸೇನಾಪತಿಯದೂ ಅಲ್ಲ, ರಾಜನದೂ ಅಲ್ಲ. ಅದು ಫ್ರಾನ್ಸೆ ಪ್ರೆಶೆರನ್ (1800–1849) ಎಂಬ ಕವಿಯದು. ಆತ ತೀರಿಕೊಂಡ ಫೆಬ್ರವರಿ 8ನ್ನು ಆ ದೇಶ ಸಂಸ್ಕೃತಿಯ ಹಬ್ಬವೆಂದು ಆಚರಿಸುತ್ತದೆ. ಅಂದು ಸರ್ಕಾರಿ ರಜೆ. ರಾಷ್ಟ್ರಗೀತೆಯೂ ಆತನ ಕವಿತೆಯೊಂದರ ಒಂದು ಚರಣವೇ. ಶತಮಾನಗಳ ಕಾಲ ಜರ್ಮನ್ ಭಾಷೆಯ ಆಡಳಿತದಡಿ ಬದುಕಿದ ಜನಕ್ಕೆ ತಮ್ಮ ನುಡಿಯೇ ತಮ್ಮ ರಾಜ್ಯವಾಗಿತ್ತು ಎಂಬುದನ್ನು ಅರಿತರೆ ಇದು ಆಶ್ಚರ್ಯವೆನಿಸದು. ಸ್ಲೊವೇನಿಯನ್ ಭಾಷೆಯ ಮೊದಲ ಮುದ್ರಿತ ಪುಸ್ತಕಗಳು 1550ರಲ್ಲಿ ಪ್ರಿಮೋಜ್ ತ್ರುಬಾರ್ ಎಂಬವನಿಂದ ಹೊರಬಂದವು, ಅವೂ ಪರದೇಶದಲ್ಲಿ. ಸಂಸ್ಕೃತ ಓದಿದ ವಿದ್ಯಾರ್ಥಿಗಳು ಕುತೂಹಲದಿಂದ ಕೇಳಬೇಕಾದ ಮಾತೊಂದಿದೆ: ಏಕವಚನ, ಬಹುವಚನಗಳ ನಡುವೆ ದ್ವಿವಚನವನ್ನು ಇಂದಿಗೂ ದಿನಬಳಕೆಯಲ್ಲಿ ಉಳಿಸಿಕೊಂಡಿರುವ ಯುರೋಪಿನ ಕೆಲವೇ ಭಾಷೆಗಳಲ್ಲಿ ಇದೊಂದು.

ಇನ್ನು ಹೊಳೆಯ ವಿಷಯ. ಅದರ ಹೆಸರು ಲ್ಯುಬ್ಲಿಯಾನಿತ್ಸ. ಆದರೆ ಇದು ಅದರ ಏಳನೆಯ ಹೆಸರು! ದಕ್ಷಿಣದ ಸುಣ್ಣಕಲ್ಲಿನ ಸೀಮೆಯಲ್ಲಿ ಮಳೆನೀರು ಬಂಡೆಯನ್ನು ಕರಗಿಸುತ್ತ ಗುಹೆಗಳನ್ನೂ ಸುರಂಗಗಳನ್ನೂ ಮಾಡಿದೆ. ಹೊಳೆ ಒಂದೆಡೆ ಹುಟ್ಟಿ ಕೊಂಚ ದೂರ ಹರಿದು ನೆಲದೊಳಗೆ ಮಾಯವಾಗುತ್ತದೆ, ಇನ್ನೊಂದೆಡೆ ಮತ್ತೆ ಉಕ್ಕುತ್ತದೆ. ಹಾಗೆ ಮೇಲೆ ಬಂದಾಗಲೆಲ್ಲ ಅಲ್ಲಿನ ಜನ ಅದಕ್ಕೆ ಬೇರೊಂದು ಹೆಸರಿಟ್ಟರು. ಪಿವ್ಕ ಎಂಬ ಹೆಸರಿನಲ್ಲಿ ಪೊಸ್ತೊಯ್ನ ಗುಹೆಯನ್ನು ಹೊಗುವ ನೀರೇ ಉನಿತ್ಸ ಎಂದು ಹೊರಬಂದು, ಪುನಃ ಮುಳುಗಿ, ನಗರದ ನೈಋತ್ಯಕ್ಕೆ ಸುಮಾರು 20 ಕಿ.ಮೀ. ದೂರದ ವರ್ಹ್ನಿಕ ಊರಿನ ಬಳಿ ಲ್ಯುಬ್ಲಿಯಾನಿತ್ಸವಾಗಿ ಚಿಮ್ಮುತ್ತದೆ. ಇದೇ ಸೀಮೆಯ ತ್ಸೆರ್ಕ್ನಿತ್ಸ ಎಂಬ ಸರೋವರ ಮಳೆಗಾಲದಲ್ಲಿ ತುಂಬಿ, ಬೇಸಗೆಯಲ್ಲಿ ತಳದ ಬಿಲಗಳಿಂದ ಬಸಿದುಹೋಗುತ್ತದೆ. ಮೀನು ಹಿಡಿದ ಜಾಗದಲ್ಲೇ ಹುಲ್ಲು ಕೊಯ್ಯಬಹುದು. ಈ ವಿಚಿತ್ರವನ್ನು ವಿವರಿಸಿದವನು ಲ್ಯುಬ್ಲಿಯಾನದಲ್ಲಿ 1641ರಲ್ಲಿ ಹುಟ್ಟಿದ ವಾಲ್ವಜೋರ್ ಎಂಬ ವಿದ್ವಾಂಸ. ಅದಕ್ಕಾಗಿ ಲಂಡನ್ನಿನ ರಾಯಲ್ ಸೊಸೈಟಿ 1687ರಲ್ಲಿ ಆತನನ್ನು ಸದಸ್ಯನನ್ನಾಗಿ ಮಾಡಿಕೊಂಡಿತು. ತನ್ನ ನಾಡಿನ ಬೆಟ್ಟ, ಗುಹೆ, ಜನಪದರ ನಡೆನುಡಿಗಳನ್ನು ಬರೆದು 1689ರಲ್ಲಿ ಬೃಹದ್ಗ್ರಂಥವನ್ನು ಪ್ರಕಟಿಸಿದ ಈತ ಆ ಖರ್ಚಿನಿಂದಲೇ ಮನೆಮಾರು ಕಳೆದುಕೊಂಡ. ಸ್ಥಳೀಯ ಇತಿಹಾಸವನ್ನು ಸ್ವಂತ ಹಣದಲ್ಲಿ ಅಚ್ಚು ಹಾಕಿಸುವವರ ಪಾಡು ಎಲ್ಲ ಕಾಲದಲ್ಲಿಯೂ ಒಂದೇ ಎಂದು ತೋರುತ್ತದೆ.

ಇಂತಹ ನೆಲದಲ್ಲಿ ಒಂದು ಕಡೆ ಸುರಿದ ಹೊಲಸು ಹತ್ತಾರು ಮೈಲಿ ಆಚೆ, ಕಂಡರಿಯದ ಊರಿನ ಬುಗ್ಗೆಯಲ್ಲಿ ಮೇಲೆ ಬರುತ್ತದೆ. ಸುಣ್ಣಕಲ್ಲಿನ ಬಿರುಕುಗಳಲ್ಲಿ ನೀರು ಹರಿದುಹೋಗುತ್ತದೆಯೇ ಹೊರತು ಮಣ್ಣಿನಲ್ಲಿ ಸೋಸುವಂತೆ ಸೋಸುವುದಿಲ್ಲ.

ವರ್ಹ್ನಿಕದಿಂದ ನಗರದವರೆಗೆ ಹೊಳೆ ಹರಿಯುವುದು ಬಾರ್ಯೆ ಎಂಬ ಜೌಗುಭೂಮಿಯ ನಡುವೆ. ಪ್ರವಾಸಿಗಳು ಸಾಮಾನ್ಯವಾಗಿ ಇಲ್ಲಿಗೆ ಬರುವುದಿಲ್ಲ. ಕೋಟೆ ನೋಡಿ, ನಾಲ್ಕು ಮೂಲೆಗಳಲ್ಲಿ ರೆಕ್ಕೆಯ ಸರ್ಪಗಳು ಕುಳಿತಿರುವ 1901ರ ಸೇತುವೆಯ ಮುಂದೆ ಭಾವಚಿತ್ರ ತೆಗೆಸಿಕೊಂಡು ಹೋಗಿಬಿಡುತ್ತಾರೆ. ಆದರೆ ಮಣ್ಣಿನ ಮಾತು ಕೇಳಬೇಕೆಂಬವರಿಗೆ ನಗರಕ್ಕಿಂತ ಇದೇ ಮುಖ್ಯ. ಸುಮಾರು 160 ಚದರ ಕಿಲೊಮೀಟರ್ ವಿಸ್ತಾರದ ಈ ಬಯಲು ಪ್ರಾಚೀನ ಕಾಲದಲ್ಲಿ ಸರೋವರವಾಗಿತ್ತು. ಮರದ ಕಂಬಗಳನ್ನು ನೆಟ್ಟು ಅವುಗಳ ಮೇಲೆ ಮನೆ ಕಟ್ಟಿಕೊಂಡು ಜನ ವಾಸಿಸುತ್ತಿದ್ದರು. ಆ ಕಂಬಗಳ ಅವಶೇಷಗಳು 1875ರಲ್ಲಿ ಬೆಳಕಿಗೆ ಬಂದವು. 2011ರಲ್ಲಿ ಆಲ್ಪ್ಸ್ ಸುತ್ತಲಿನ ಇತರ ಕಂಬದ ಮನೆಗಳ ನೆಲೆಗಳೊಂದಿಗೆ ಯುನೆಸ್ಕೊ ಪಟ್ಟಿಗೆ ಸೇರಿದವು. 2002ರಲ್ಲಿ ಇಲ್ಲಿಯೇ ಒಂದು ಮರದ ಗಾಲಿ, ಅದರ ಅಚ್ಚಿನ ಸಮೇತ, ದೊರೆಯಿತು. ವಯಸ್ಸು ಐದು ಸಾವಿರ ವರ್ಷಗಳಿಗೂ ಮೇಲು. ಗಾಲಿ ಆಶ್ ಮರದ್ದು, ಅಚ್ಚು ಓಕ್ ಮರದ್ದು. ನಮೂನೆಯೂ ಬೇರೆ: ಎತ್ತಿನ ಗಾಡಿಯಲ್ಲಿರುವಂತೆ ಅಚ್ಚಿನ ಸುತ್ತ ಗಾಲಿ ತಿರುಗುವುದಲ್ಲ, ಅಚ್ಚು ಗಾಲಿಯೊಡನೆ ಕೂಡಿಯೇ ತಿರುಗುವ ರಚನೆ. ಲೋಕದಲ್ಲಿ ಈವರೆಗೆ ದೊರೆತ ಅತ್ಯಂತ ಹಳೆಯ ಮರದ ಗಾಲಿಗಳಲ್ಲಿ ಇದೊಂದು; ಈಗ ನಗರದ ವಸ್ತುಸಂಗ್ರಹಾಲಯದಲ್ಲಿದೆ. ಮರ ಇಷ್ಟು ಕಾಲ ಕೊಳೆಯದೆ ಉಳಿದದ್ದು ಹೇಗೆ? ನೀರು ನಿಂತ ನೆಲದೊಳಗೆ ಗಾಳಿ ಹೊಗುವುದಿಲ್ಲ. ಗಾಳಿಯಿಲ್ಲದೆ ಕೊಳೆಸುವ ಜೀವಾಣುಗಳ ಆಟ ನಡೆಯುವುದಿಲ್ಲ.

ಇದೇ ಕಾರಣದಿಂದ ಸತ್ತ ಪಾಚಿ, ಜೊಂಡು, ಹುಲ್ಲುಗಳು ಕೊಳೆಯದೆ ಪದರಪದರವಾಗಿ ಸೇರಿ ಪೀಟ್ ಎಂಬ ಕರಿಮಣ್ಣಾಗಿ ಅಲ್ಲಿ ಕೂಡಿಕೊಂಡಿದ್ದವು. ಹದಿನೆಂಟನೆಯ ಶತಮಾನದಲ್ಲಿ, ಮರಿಯಾ ತೆರೇಸಾ ರಾಣಿಯ ಆಳ್ವಿಕೆಯಲ್ಲಿ, ಈ ಬಯಲು "ವ್ಯರ್ಥ ಭೂಮಿ" ಎನಿಸಿತು. ನೀರು ಬಸಿಯಲು ಗ್ರೂಬರ್ ಎಂಬ ಯೇಸುಸಭೆಯ ಪಾದ್ರಿಯ ಯೋಜನೆಯಂತೆ 1772ರಿಂದ ದೊಡ್ಡ ಕಾಲುವೆಯೊಂದನ್ನು ತೋಡಲಾಯಿತು. ಮುಂದಿನ ಶತಮಾನದಲ್ಲಿ ನೂರಾರು ಬಸಿಗಾಲುವೆಗಳು ಹುಟ್ಟಿಕೊಂಡವು. ಪೀಟನ್ನು ಕಡಿದು ನಗರಕ್ಕೆ ಉರುವಲಾಗಿ ಮಾರಿದರು, ಸುಟ್ಟು ಹೊಲ ಮಾಡಿದರು. ಆಮೇಲೆ ಆದದ್ದೇನು? ಬಸಿದ ಪೀಟ್‌ಗೆ ಗಾಳಿ ತಗಲಿತು, ಸಹಸ್ರಾರು ವರ್ಷ ಕೊಳೆಯದಿದ್ದುದು ಕೊಳೆಯತೊಡಗಿತು, ಅದರ ಇಂಗಾಲ ಗಾಳಿಗೆ ಹೋಯಿತು, ನೆಲ ಕುಸಿಯಿತು. ಕುಸಿದ ನೆಲಕ್ಕೆ ಪುನಃ ನೀರು ನುಗ್ಗಿತು. ನೀರು ಹೊರಹಾಕಲು ಮಾಡಿದ ಕೆಲಸವೇ ನೀರನ್ನು ಕರೆತಂದಿತು. 2010ರ ಸೆಪ್ಟೆಂಬರಿನ ಪ್ರವಾಹದಲ್ಲಿ ಈ ಬಯಲು ಮತ್ತೊಮ್ಮೆ ಸರೋವರವಾಗಿ ಕಂಡಿತು. ಜಡ್ಡಿಗಳನ್ನೂ ಹೊಂಡದ ಗದ್ದೆಗಳನ್ನೂ ಮಣ್ಣು ತುಂಬಿ ನಿವೇಶನ ಮಾಡುವ ಹುರುಪಿನಲ್ಲಿರುವವರು ಈ ಇನ್ನೂರೈವತ್ತು ವರ್ಷಗಳ ಲೆಕ್ಕವನ್ನು ಒಮ್ಮೆ ನೋಡಬಹುದು.

2008ರಲ್ಲಿ ಬಾರ್ಯೆಯನ್ನು ಸಂರಕ್ಷಿತ ಭೂದೃಶ್ಯ ಉದ್ಯಾನವೆಂದು ಘೋಷಿಸಲಾಯಿತು. ಇಲ್ಲಿ ಹುಲ್ಲುಗಾವಲುಗಳಲ್ಲಿ ನೆಲದ ಮೇಲೆ ಗೂಡು ಕಟ್ಟುವ ಒಂದು ಹಕ್ಕಿಯಿದೆ. ಹುಂಡುಕೋಳಿಯ ದಾಯಾದಿ, ಆಫ್ರಿಕದಿಂದ ಬೇಸಗೆಗೆ ವಲಸೆ ಬರುತ್ತದೆ. ಸ್ಲೊವೇನಿಯನ್ನರು ಅದನ್ನು ಕೋಸೆತ್ಸ್ ಎನ್ನುತ್ತಾರೆ, ಎಂದರೆ "ಹುಲ್ಲು ಕೊಯ್ಯುವವನು". ಇದರ ಮರಿಗಳು ದೊಡ್ಡವಾಗುವ ಮೊದಲೇ ಯಂತ್ರದಿಂದ ಹುಲ್ಲು ಕೊಯ್ದರೆ ಗೂಡು ಸಮೇತ ನಾಶ. ಹಿಂದೆ ಕೈಗತ್ತಿಯಿಂದ, ತಡವಾಗಿ, ಒಂದೇ ಸಲ ಕೊಯ್ಯುತ್ತಿದ್ದಾಗ ಹಕ್ಕಿಗೂ ರೈತನಿಗೂ ಜಗಳವಿರಲಿಲ್ಲ. ಈಗ ತಡವಾಗಿ ಕೊಯ್ಯುವ ರೈತನಿಗೆ ಪರಿಹಾರ ಧನ ಕೊಡುವ ಏರ್ಪಾಡಿದೆ. ತಡವಾದ ಹುಲ್ಲು ಒರಟು. ಹಾಲು ಕೊಡುವ ಹಸುವಿಗೆ ಅದರಲ್ಲಿ ಸತ್ವ ಕಡಿಮೆ. ಆ ನಷ್ಟವನ್ನು ರೈತನೊಬ್ಬನೇ ಹೊರಬೇಕೆಂದು ಹೇಳಿದ್ದರೆ ಸಂರಕ್ಷಣೆ ಕಾಗದದಲ್ಲೇ ಉಳಿಯುತ್ತಿತ್ತು.

ನಗರದ ಇತಿಹಾಸವನ್ನು ಇಲ್ಲಿ ಸವಿಸ್ತಾರವಾಗಿ ಹೇಳುವ ಅಗತ್ಯವಿಲ್ಲ. ರೋಮನ್ನರ ಎಮೋನ, ಹ್ಯಾಬ್ಸ್‌ಬರ್ಗ್ ಅರಸರ ಲೈಬಾಖ್, 1809ರಿಂದ ನಾಲ್ಕು ವರ್ಷ ನೆಪೋಲಿಯನ್ನನ ಇಲ್ಲಿರಿಯ ಪ್ರಾಂತಗಳ ರಾಜಧಾನಿ, ಬಳಿಕ ಮತ್ತೆ ಆಸ್ಟ್ರಿಯ. ಹೀಗೆ ಕೈ ಬದಲಾಗುತ್ತ ಬಂದಿದೆ. 1895ರ ಏಪ್ರಿಲ್ 14ರ ರಾತ್ರಿ, ಈಸ್ಟರ್ ಹಬ್ಬದ ದಿನ, ಭೂಕಂಪವೊಂದು ಊರನ್ನು ಅಲುಗಾಡಿಸಿತು. ಇವಾನ್ ಹ್ರಿಬಾರ್ ಎಂಬ ಮೇಯರನ ಕಾಲದಲ್ಲಿ ಮರುನಿರ್ಮಾಣ ನಡೆಯಿತು. ಆದರೆ ಇಂದು ಕಾಣುವ ನಗರಕ್ಕೆ ಮುಖ ಕೊಟ್ಟವನು ಯೋಜೆ ಪ್ಲೆಚ್ನಿಕ್ (1872–1957) ಎಂಬ ವಾಸ್ತುಶಿಲ್ಪಿ. ಬಡಗಿಯ ಮಗ. ವಿಯೆನ್ನ, ಪ್ರಾಗ್‌ಗಳಲ್ಲಿ ಹೆಸರು ಮಾಡಿ ತನ್ನ ಊರಿಗೆ ಮರಳಿದ. ಕೈಯಲ್ಲಿ ಹೆಚ್ಚು ಹಣವಿರದ ಊರು ಅದು. ಹಳೆಯ ಕಲ್ಲು ಸೇತುವೆ ಇಕ್ಕಟ್ಟಾಗಿದೆಯೆಂದಾಗ ಆತ ಅದನ್ನು ಕೆಡವಲಿಲ್ಲ. ಎರಡು ಬದಿಗೆ ಪಾದಚಾರಿಗಳಿಗಾಗಿ ಇನ್ನೆರಡು ಸೇತುವೆ ಕಟ್ಟಿದ. ಹೀಗೆ 1932ರ ಹೊತ್ತಿಗೆ ಪ್ರಸಿದ್ಧವಾದ "ಮೂರು ಸೇತುವೆ" ಆಯಿತು. ಇನ್ನೊಂದು ಸೇತುವೆಯ ಮೇಲೆ ಬರ್ಚ್ ಮರಗಳನ್ನು ನೆಡಿಸಿದ. ಹೊಳೆಯ ದಂಡೆಯನ್ನು ಮೆಟ್ಟಿಲುಮೆಟ್ಟಿಲಾಗಿ ನೀರಿನವರೆಗೆ ಇಳಿಸಿ ಅಳುವ ವಿಲೋ ಮರಗಳ ನೆರಳು ಮಾಡಿದ. ವಿದ್ಯಾರ್ಥಿಗಳ ಒತ್ತಾಯವೂ ಸೇರಿ ಕಟ್ಟಲ್ಪಟ್ಟ ರಾಷ್ಟ್ರೀಯ ಮತ್ತು ವಿಶ್ವವಿದ್ಯಾಲಯ ಗ್ರಂಥಾಲಯ (1936–1941) ಆತನದೇ. ಭೂಕಂಪದಲ್ಲಿ ಹಾಳಾದ ಮಹಲಿನ ಕಲ್ಲುಗಳು ಅದರ ಗೋಡೆಯಲ್ಲಿವೆ. ಕಪ್ಪು ಕಂಬಗಳ ಮಬ್ಬು ಮೆಟ್ಟಿಲುಸಾಲನ್ನು ಏರಿ ಹೋದವನು ತುಂಬು ಬೆಳಕಿನ ಓದುಕೋಣೆಯ ಕಡೆಗೆ ಸಾಗುತ್ತಾನೆ. ಈ ಕೃತಿಗಳು 2021ರಲ್ಲಿ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು.

ಹೊಳೆಯ ಬಾಗಿಗೆ ಸರಿಯಾಗಿ ಬಾಗಿರುವ ಸಂತೆಕಟ್ಟೆಯೂ ಪ್ಲೆಚ್ನಿಕನ ಕೈಕೆಲಸವೇ. ಅಲ್ಲಿಗೆ ಬೆಳಿಗ್ಗೆ ಹೋಗತಕ್ಕದ್ದು. ನಗರಪಾಲಿಕೆಯ ಎಲ್ಲೆಯೊಳಗೇ ನೂರಾರು ಕೃಷಿ ಕುಟುಂಬಗಳಿವೆ. ಅವರು ತಂದ ಸೊಪ್ಪು, ಹುಳಿ ಬರಿಸಿದ ಎಲೆಕೋಸು, ಬಕ್‌ವೀಟ್ ಹಿಟ್ಟು, ಕುಂಬಳದ ಬೀಜದ ಎಣ್ಣೆ ಅಲ್ಲಿ ಸಿಗುತ್ತವೆ. ನಾಣ್ಯ ಹಾಕಿದರೆ ಹಸಿ ಹಾಲು ಸುರಿಯುವ ಯಂತ್ರವೂ ಇದೆ. ಸಂತೆಯಿಂದ ಹತ್ತು ಹದಿನೈದು ನಿಮಿಷ ನಡೆದರೆ ಕ್ರಾಕೋವೊ ಮತ್ತು ತರ್ನೊವೊ ಕೇರಿಗಳು. ಸಣ್ಣ ಮನೆಗಳು, ಹಿತ್ತಿಲಲ್ಲಿ ತರಕಾರಿ ಮಡಿಗಳು. ರಾಜಧಾನಿಯ ನಟ್ಟನಡುವೆ, ರೋಮನ್ ಗೋಡೆಯ ಪಕ್ಕದಲ್ಲಿ! ಇಲ್ಲಿನ ಹೆಂಗಸರು ತಲೆಮಾರುಗಳಿಂದ ಲೆಟ್ಯೂಸ್ ಸೊಪ್ಪು ಬೆಳೆದು ಮಾರಿದವರು. "ಲ್ಯುಬ್ಲಿಯಾನದ ಲೆದೆಂಕ" ಎಂಬ ಗರಿಗರಿ ಸೊಪ್ಪಿನ ತಳಿ ಊರಿನ ಹೆಸರನ್ನೇ ಹೊತ್ತಿದೆ. ನಗರ ಬೆಳೆದಂತೆ ಮೊದಲು ಮಾಯವಾಗುವುದು ಇಂತಹ ತಳಿಗಳು. ಕಟ್ಟಡಗಳಿಗೆ ಪರಂಪರೆಯ ಫಲಕ ಹಾಕುವವರು ಬೀಜಕ್ಕೆ ಹಾಕುವುದು ಅಪರೂಪ.

ಜೇನಿನ ಮಾತು ಬಿಟ್ಟರೆ ಲ್ಯುಬ್ಲಿಯಾನದ ಪರಿಚಯ ಅಪೂರ್ಣ. ನಗರದ ಎಲ್ಲೆಯಲ್ಲಿ ಮುನ್ನೂರಕ್ಕೂ ಹೆಚ್ಚು ಜೇನು ಸಾಕಣೆದಾರರಿದ್ದಾರೆ. ದೊಡ್ಡ ಸಾಂಸ್ಕೃತಿಕ ಭವನವಾದ ತ್ಸಂಕಾರ್ ಭವನದ ಮಾಳಿಗೆಯ ಮೇಲೂ ಪೆಟ್ಟಿಗೆಗಳಿವೆ. ಹಿಂದಿನ ಕಾಲದ ಪೆಟ್ಟಿಗೆಗಳ ಮುಂಬಲಗೆಗೆ ಬಣ್ಣದ ಚಿತ್ರ ಬರೆಯುವ ಸಂಪ್ರದಾಯವಿತ್ತು: ಸಂತರು, ಬೇಟೆಗಾರನ ಹೆಣ ಹೊತ್ತ ಪ್ರಾಣಿಗಳು, ಹೀಗೆ ಭಕ್ತಿಯೂ ಕುಚೋದ್ಯವೂ ಬೆರೆತ ಚಿತ್ರಗಳು. 1734ರ ಮೇ 20ರಂದು ದೀಕ್ಷಾಸ್ನಾನ ಪಡೆದ ಆಂಟೋನ್ ಯಾನ್ಶಾ ಎಂಬ ರೈತನ ಮಗ ವಿಯೆನ್ನದ ಅರಸೊತ್ತಿಗೆಯ ಮೊದಲ ಜೇನು ಕೃಷಿ ಶಿಕ್ಷಕನಾದ. ಆತನ ನೆನಪಿಗಾಗಿ, ಸ್ಲೊವೇನಿಯದ ಸೂಚನೆಯ ಮೇರೆಗೆ, ವಿಶ್ವಸಂಸ್ಥೆ 2017ರಲ್ಲಿ ಮೇ 20ನ್ನು ವಿಶ್ವ ಜೇನ್ನೊಣ ದಿನವೆಂದು ಸಾರಿತು. ಆ ದೇಶದಲ್ಲಿ ಕಾನೂನಿನ ರಕ್ಷಣೆಯಿರುವುದು ಸ್ಥಳೀಯ ಕಾರ್ನಿಯೋಲ ಜೇನಿಗೆ ಮಾತ್ರ. ಹೊರಗಿನ ತಳಿ ತಂದು ಬೆರಸುವಂತಿಲ್ಲ. 1990ರ ದಶಕದ ಆರಂಭದಲ್ಲಿ ಥಾಯ್ ಸ್ಯಾಕ್‌ಬ್ರೂಡ್ ರೋಗ ಬಂದು ತುಡುವೆ ಪೆಟ್ಟಿಗೆಗಳು ಬರಿದಾದುದನ್ನು ಕಂಡ ಮಲೆನಾಡಿನ ಜೇನು ಕೃಷಿಕರಿಗೆ ಈ ಕಟ್ಟುನಿಟ್ಟು ಅತಿಯೆಂದು ತೋರದು.

ನಗರವನ್ನು ಸುತ್ತುವ ಒಂದು ಕಾಲುದಾರಿಯಿದೆ, ಸುಮಾರು 34 ಕಿಲೊಮೀಟರ್. ಇಕ್ಕೆಲಗಳಲ್ಲಿ ಸಾವಿರಾರು ಮರಗಳು. ಬೆಳಿಗ್ಗೆ ಅಲ್ಲಿ ಮುದುಕರು ನಡೆಯುತ್ತಾರೆ, ಮಕ್ಕಳು ಸೈಕಲ್ ಹೊಡೆಯುತ್ತಾರೆ. ಅದರ ಹುಟ್ಟು ಮಾತ್ರ ಭಯಂಕರವಾದುದು. ಎರಡನೆಯ ಮಹಾಯುದ್ಧದಲ್ಲಿ ನಗರವನ್ನು ಆಕ್ರಮಿಸಿದ್ದ ಇಟಲಿಯ ಸೈನ್ಯ, ಪ್ರತಿರೋಧದ ದಳಗಳಿಗೆ ನಗರದ ನಂಟು ತಪ್ಪಿಸಲು, 1942ರ ಫೆಬ್ರವರಿಯಲ್ಲಿ ಇಡೀ ಊರನ್ನು ಮುಳ್ಳುತಂತಿಯಿಂದ ಬಿಗಿಯಿತು. 1943ರಲ್ಲಿ ಇಟಲಿ ಶರಣಾದ ಬಳಿಕ ಜರ್ಮನರು ಆ ತಂತಿಯನ್ನು ಹಾಗೆಯೇ ಉಳಿಸಿಕೊಂಡರು. 1945ರ ಮೇ 9ರವರೆಗೆ, 1,170 ದಿನ, ಜನ ಆ ಬೇಲಿಯೊಳಗೆ ಬದುಕಿದರು. ಯುದ್ಧ ಮುಗಿದ ಮೇಲೆ ಬೇಲಿ ಇದ್ದಲ್ಲೇ ದಾರಿ ಮಾಡಿ ಮರ ನೆಟ್ಟರು. ಪ್ರತಿ ವರ್ಷ ಮೇ ತಿಂಗಳಲ್ಲಿ ಊರಿನವರು ಸಾಲುಗಟ್ಟಿ ಆ ಸುತ್ತನ್ನು ನಡೆಯುತ್ತಾರೆ. ಎರಡು ದಿನ ಬಿಡುವಿರುವ ಪ್ರವಾಸಿಗ ಒಂದು ದಿನವನ್ನು ಇದಕ್ಕೆ ಕೊಡುವುದು ಲೇಸು.

2007ರಿಂದ ಹಂತಹಂತವಾಗಿ ನಗರದ ನಡುಭಾಗದಲ್ಲಿ ಮೋಟಾರು ವಾಹನಗಳನ್ನು ನಿಲ್ಲಿಸಲಾಯಿತು. ವ್ಯಾಪಾರ ಕೆಡುವುದೆಂದು ಅಂಗಡಿಕಾರರು ಮೊದಲಿಗೆ ಆಕ್ಷೇಪಿಸಿದರು. ವೃದ್ಧರಿಗಾಗಿ ಕವಲೀರ್ ಎಂಬ ಸಣ್ಣ ವಿದ್ಯುತ್ ಬಂಡಿಗಳು ಬಾಡಿಗೆಯಿಲ್ಲದೆ ಓಡಾಡುತ್ತವೆ. ಕಸದ ವಿಚಾರದಲ್ಲಿ, ಐರೋಪ್ಯ ಒಕ್ಕೂಟದ ರಾಜಧಾನಿಗಳ ಪೈಕಿ ಶೂನ್ಯ ತ್ಯಾಜ್ಯದ ಗುರಿಯನ್ನು ಮೊದಲು ಘೋಷಿಸಿದುದು ಇದೇ, 2014ರಲ್ಲಿ. 2016ರಲ್ಲಿ ಯುರೋಪಿನ ಹಸಿರು ರಾಜಧಾನಿ ಎಂಬ ಬಿರುದೂ ಬಂತು. ಬಿರುದುಗಳ ವಿಷಯ ಇಷ್ಟು ಸಾಕು.

ಆರಂಭದಲ್ಲಿ ಹೇಳಿದ ಕಾಲಡಿಯ ನೀರಿಗೆ ಈಗ ಬರಬೇಕು. ನಗರದ ಉತ್ತರಕ್ಕೆ ಹರಿಯುವ ಸಾವ ನದಿ ಆಲ್ಪ್ಸ್‌ನಿಂದ ತಂದು ಸುರಿದ ಜಲ್ಲಿಕಲ್ಲಿನ ಆಳವಾದ ಪದರದಲ್ಲಿ ಅಂತರ್ಜಲವಿದೆ. 1890ರಲ್ಲಿ ಕ್ಲೆಚೆ ಎಂಬಲ್ಲಿ ಬಾವಿಗಳನ್ನು ತೋಡಿ ನೀರು ಕೊಡಲಾರಂಭಿಸಿದರು. ಇಂದಿಗೂ ನಗರದ ಮುಖ್ಯ ಮೂಲ ಅದೇ. ಹೆಚ್ಚಿನ ಸಂಸ್ಕರಣೆಯಿಲ್ಲದೆಯೇ ಅದು ನಲ್ಲಿಗೆ ಬರುತ್ತದೆ. ಬೀದಿಯ ಕಾರಂಜಿಗೆ ಬಾಯೊಡ್ಡಿ ಯಾರೂ ಕುಡಿಯಬಹುದು. ಆ ಬಾವಿಗಳ ಸುತ್ತ ಹೊಲಗಳಿವೆ. ಆದುದರಿಂದ ಗೊಬ್ಬರ, ಕೀಟನಾಶಕಗಳ ಮೇಲೆ ನಿರ್ಬಂಧಗಳಿವೆ. ಮೆಕ್ಕೆಜೋಳಕ್ಕೆ ಬಳಸುತ್ತಿದ್ದ ಅಟ್ರಜಿನ್ ಎಂಬ ಕಳೆನಾಶಕವನ್ನು ನಿಷೇಧಿಸಿ ವರ್ಷಗಳು ಕಳೆದರೂ ಅದರ ಕುರುಹು ಈ ಅಂತರ್ಜಲದಲ್ಲಿ ಕಾಣುತ್ತಲೇ ಇತ್ತು. ಹೊಲಕ್ಕೆ ಸಿಂಪಡಿಸಲು ಒಂದು ಗಂಟೆ ಸಾಕು. ಜಲ್ಲಿಪದರ ಅದನ್ನು ಮರೆಯಲು ದಶಕಗಳು ಬೇಕು.

2016ರ ನವೆಂಬರಿನಲ್ಲಿ ಸ್ಲೊವೇನಿಯದ ಸಂಸತ್ತು, ಒಂದೂ ವಿರೋಧ ಮತವಿಲ್ಲದೆ, ಕುಡಿಯುವ ನೀರಿನ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿತು. ನೀರು ಮಾರುಕಟ್ಟೆಯ ಸರಕಲ್ಲವೆಂದು ಬರೆಯಿತು. 2021ರಲ್ಲಿ ಅಂದಿನ ಸರ್ಕಾರ ಜಲ ಕಾಯಿದೆಗೆ ತಿದ್ದುಪಡಿ ತಂದು ನದಿ, ಸರೋವರ, ಕಡಲ ದಂಡೆಗಳಲ್ಲಿ ಕೆಲವು ಬಗೆಯ ಕಟ್ಟಡಗಳಿಗೆ ದಾರಿ ತೆರೆದಾಗ, ಪರಿಸರ ಸಂಘಟನೆಗಳು ಸಹಿ ಸಂಗ್ರಹಿಸಿ ಜನಮತಗಣನೆಗೆ ಒತ್ತಾಯಿಸಿದವು. ಅದಕ್ಕೆ ಬೇಕಾದ ಸಹಿ 40,000. ಬಂದದ್ದು 50,000ಕ್ಕೂ ಮೇಲೆ. ಜುಲೈ 11ರಂದು ಮತ ಹಾಕಿದವರಲ್ಲಿ ನೂರಕ್ಕೆ 86ಕ್ಕೂ ಹೆಚ್ಚು ಮಂದಿ ತಿದ್ದುಪಡಿಯನ್ನು ತಿರಸ್ಕರಿಸಿದರು. ರಜೆಯ ಬೇಸಗೆಯಲ್ಲಿ ಅರ್ಧಕ್ಕೆ ಹತ್ತಿರ ಮತದಾರರು ಮತಗಟ್ಟೆಗೆ ಬಂದದ್ದು ಸಣ್ಣ ಸಂಗತಿಯಲ್ಲ.

ಆದರೆ ಅದೇ ಕಾಲದಲ್ಲಿ, ಅದೇ ಹಸಿರು ರಾಜಧಾನಿಯಲ್ಲಿ, ಸಿ-ಸೊನ್ನೆ ಎಂಬ ದೊಡ್ಡ ಒಳಚರಂಡಿ ಕೊಳವೆಯನ್ನು ಕ್ಲೆಚೆಯ ಜಲರಕ್ಷಣಾ ವಲಯದ ಮೂಲಕವೇ ಹಾಯಿಸಲಾಯಿತು. ಉತ್ತರದ ಊರುಗಳ ಮಲಿನ ನೀರನ್ನು ಶುದ್ಧೀಕರಣ ಘಟಕಕ್ಕೆ ಒಯ್ಯಲು ಇದು ಬೇಕು, ಮನೆಮನೆಯ ಗುಂಡಿಗಳಿಂದ ಜಿನುಗುವುದಕ್ಕಿಂತ ಇದೇ ಸುರಕ್ಷಿತ ಎಂಬುದು ನಗರಾಡಳಿತದ ವಾದ. ಭೂಕಂಪದ ಸೀಮೆಯಲ್ಲಿ ಕೊಳವೆ ಬಿರಿದರೆ ನಗರದ ಕುಡಿಯುವ ನೀರಿನ ಗತಿಯೇನು ಎಂಬುದು ಎದುರಾಳಿಗಳ ಪ್ರಶ್ನೆ. ಆ ಮಾರ್ಗದಲ್ಲಿ ಜಮೀನಿರುವ ರೈತರು ಮುಂದಾಳಾಗಿ ನಿಂತು ವರ್ಷಗಟ್ಟಲೆ ನ್ಯಾಯಾಲಯ, ಕಚೇರಿಗಳನ್ನು ಸುತ್ತಿದರು. ಗುಂಡಿಗಳು ಜಿನುಗುವುದು ನಿಜ. ಆದರೆ ಕೊಳವೆಯನ್ನು ಬೇರೆ ದಾರಿಯಲ್ಲಿ ಒಯ್ಯಲಾಗದೆ ಎಂಬ ರೈತರ ಮಾತಿಗೆ ತೃಪ್ತಿಕರ ಉತ್ತರ ದೊರೆತಂತೆ ಕಾಣುವುದಿಲ್ಲ. ಈ ಕೊಳವೆಯ ವಿಷಯ ಪ್ರವಾಸೋದ್ಯಮದ ಕಿರುಹೊತ್ತಿಗೆಗಳಲ್ಲಿಲ್ಲ. ಕ್ಲೆಚೆಯ ಹೊಲಗಳ ನಡುವೆ ಸೈಕಲ್ಲಿನಲ್ಲಿ ಹೋಗುವವರು ಅಲ್ಲಿನ ರೈತರನ್ನು ಮಾತನಾಡಿಸಿದರೆ ತಿಳಿಯುತ್ತದೆ.

ಮಾರ್ಚ್ ತಿಂಗಳಲ್ಲಿ ಹೋಗುವವರಿಗೆ ಇನ್ನೊಂದು ನೋಟ ಸಿಗುತ್ತದೆ. ಮಾರ್ಚ್ 12 ಸಂತ ಗ್ರೆಗರಿಯ ದಿನ. ಅಂದು ಹಕ್ಕಿಗಳಿಗೆ ಮದುವೆಯಾಗುತ್ತದೆಂದು ಜನ ಹೇಳುತ್ತಾರೆ. ವಿದ್ಯುತ್ತಿಲ್ಲದ ಕಾಲದಲ್ಲಿ ಚಳಿಗಾಲದುದ್ದಕ್ಕೂ ಕುಶಲಕರ್ಮಿಗಳು ದೀಪದ ಬೆಳಕಿನಲ್ಲಿ ದುಡಿಯುತ್ತಿದ್ದರು. ಹಗಲು ಉದ್ದವಾಗಿ ದೀಪದ ಅಗತ್ಯ ತೀರಿತೆಂದು ಆ ಹಿಂದಿನ ಸಂಜೆ ದೀಪಗಳನ್ನು ನೀರಿಗೆ ಬಿಡುತ್ತಿದ್ದರು. ಈಗ ಶಾಲೆಯ ಮಕ್ಕಳು ರಟ್ಟಿನಿಂದ ಪುಟ್ಟ ಮನೆಗಳನ್ನು ಮಾಡಿ, ಒಳಗೆ ಮೇಣದ ಬತ್ತಿ ಹಚ್ಚಿ, ತರ್ನೊವೊ ಕೇರಿಯ ಗ್ರಾದಾಷ್ಚಿತ್ಸ ಹಳ್ಳದಲ್ಲಿ ತೇಲಿಬಿಡುತ್ತಾರೆ. ಬರ್ಚ್ ಮರದ ಸೇತುವೆಯ ಮೇಲೆ ನಿಂತರೆ ಆ ಮನೆಗಳು ಒಂದರ ಹಿಂದೊಂದು ಲ್ಯುಬ್ಲಿಯಾನಿತ್ಸದ ಕಡೆಗೆ ಹೋಗುವುದು ಕಾಣುತ್ತದೆ.